ಟೀಚರ್ ಬರುವ ಆ ಒಂದು ಗಂಟೆ

ಪ್ರಶ್ನೆ: ಮೇಡಂ, ನಮ್ಮ ಮಗಳಿಗೆ 14 ತಿಂಗಳು. ಹುಟ್ಟಿದ ವಾರದಲ್ಲೇ ಪರೀಕ್ಷೆ ಮಾಡಿ ಕಿವಿಯ ತೊಂದರೆ ಇರಬಹುದು ಅಂದರು. ಮೂರನೇ ತಿಂಗಳಿಗೆ ಅದು ಖಚಿತವಾಯಿತು. 5ನೇ ತಿಂಗಳಿಂದ ಎರಡೂ ಕಿವಿಗೆ ಹಿಯರಿಂಗ್ ಏಡ್ ಇದೆ. ಸರ್ಕಾರದ ಕಡೆಯಿಂದ ವಾರಕ್ಕೊಮ್ಮೆ ಒಬ್ಬ ಟೀಚರ್ ಮನೆಗೆ ಬರುತ್ತಾರೆ. ಆದರೆ ಮಗುವಿಗೆ ಏನೂ ಕಲಿಸುವುದಿಲ್ಲ. ಇಡೀ ಗಂಟೆ ನನ್ನ ಜೊತೆಗೇ ಮಾತು, ಮಗು ತನ್ನ ಪಾಡಿಗೆ ಆಡಿಕೊಂಡಿರುತ್ತದೆ. ದೂರು ಕೊಡಲಾ? ಖಾಸಗಿಯಾಗಿ ಯಾರನ್ನಾದರೂ ನೋಡಲಾ?
– ಒಬ್ಬ ತಾಯಿ

ಉತ್ತರ: ದೂರು ಬೇಡ. ನಿಮಗೆ ಒಳ್ಳೆಯ ಟೀಚರ್ ಸಿಕ್ಕಿದ್ದಾರೆ.

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಇದರ ಉಲ್ಟಾ ಮಾಡುತ್ತಿದ್ದೆ. ಚೀಲದ ತುಂಬ ಚಿತ್ರದ ಕಾರ್ಡು. ಮಗುವನ್ನು ಎದುರು ಕೂರಿಸಿಕೊಂಡು ಪಾಠ ಶುರು. 'ಟೀಚರ್ ಬಂದ್ರು' ಅಂತ ತಾಯಿ ಒಳಗೆ ಕೆಲಸಕ್ಕೆ ಹೋಗುತ್ತಿದ್ದರು. ಮುಂದಿನ ವಾರ ಹೋದರೆ ಕಾರ್ಡೂ ಅದೇ, ಮಗುವೂ ಅಲ್ಲೇ. ಒಂದು ದಿನ ಒಬ್ಬರು ಬಾಗಿಲಲ್ಲಿ ನಿಂತು ಕೇಳಿದರು, 'ನೀವು ಹೋದ ಮೇಲೆ ನಾನೇನು ಮಾಡ್ಲಿ?' ನನ್ನ ಹತ್ತಿರ ಉತ್ತರ ಇರಲಿಲ್ಲ.

ಲೆಕ್ಕ ಹಾಕಿ. ವಾರಕ್ಕೆ 168 ಗಂಟೆ. ನಿದ್ದೆ ಕಳೆದರೆ ಮಗು ಎಚ್ಚರ ಇರುವುದು 70–80 ಗಂಟೆ. ಅದರಲ್ಲಿ ಟೀಚರ್ ಪಾಲಿಗೆ ಒಂದು, ಉಳಿದದ್ದೆಲ್ಲ ನಿಮ್ಮದು. ಅವರು ಬರುತ್ತಿರುವುದು ನಿಮಗೋಸ್ಕರ.

ಹಾಗಾಗಿ ಆ ಗಂಟೆಯಲ್ಲಿ ನೀವೇ ಜಾಸ್ತಿ ಕೇಳಿ. ಮೊದಲು ಆರು ಸದ್ದಿನ ಪರೀಕ್ಷೆ ಮಾಡುವುದು ಹೇಗೆ ಅಂತ ಅವರಿಂದ ತೋರಿಸಿಕೊಳ್ಳಿ: ಆ, ಊ, ಈ, ಮ್, ಶ್, ಸ್. ಕಿವುಡ ಮಕ್ಕಳಿಗೆ ಮಾತು ಕಲಿಸುವುದರಲ್ಲಿ ಹೆಸರಾದ ಡೇನಿಯಲ್ ಲಿಂಗ್ ಅನ್ನುವವರು ಆರಿಸಿದ್ದು. ಮಾತಿನಲ್ಲಿ ಬರುವ ತಗ್ಗು ಸದ್ದಿನಿಂದ ಕೀರಲು ಸದ್ದಿನವರೆಗೆ ಈ ಆರರಲ್ಲೇ ಬಂದುಬಿಡುತ್ತದೆ. ಬೆಳಗ್ಗೆ ಏಡ್ ಹಾಕಿದ ಮೇಲೆ ಮಗುವಿನ ಹಿಂದೆ ಕೂತು, ಮಾಮೂಲಿ ದನಿಯಲ್ಲಿ ಒಂದೊಂದೇ ಹೇಳಿ. ಆಟ ನಿಲ್ಲಿಸುತ್ತಾಳಾ, ತಿರುಗುತ್ತಾಳಾ ನೋಡಿ. ನಿನ್ನೆವರೆಗೂ 'ಶ್'ಗೆ ತಿರುಗುತ್ತಿದ್ದವಳು ಇವತ್ತು ತಿರುಗದಿದ್ದರೆ ಮೊದಲು ಬ್ಯಾಟರಿ ನೋಡಿ. ಆಮೇಲೆ ಕಿವಿಯೊಳಗೆ ಕೂರುವ ಅಚ್ಚು, ಅಂದರೆ ಮೋಲ್ಡ್‌ನ ತೂತಿನಲ್ಲಿ ಗುಗ್ಗೆ ಅಥವಾ ನೀರಿನ ಹನಿ ಕೂತಿದೆಯಾ ನೋಡಿ. ಎಲ್ಲ ಸರಿಯಿದ್ದೂ ಮರುದಿನವೂ ಹಾಗೇ ಇದ್ದರೆ ಕೇಳುವ ಶಕ್ತಿ ಪರೀಕ್ಷಿಸುವ ಆಡಿಯಾಲಜಿಸ್ಟ್‌ಗೆ ತೋರಿಸಿ. ನೆಗಡಿಯಾದಾಗ ಕಿವಿ ತಮಟೆಯ ಹಿಂದೆ ನೀರು ತುಂಬಿಕೊಂಡೂ ಹೀಗಾಗುತ್ತದೆ.

ಏಡ್ ಸಿಳ್ಳೆ ಹೊಡೆಯುತ್ತದೆ ಅಂತ ಎಷ್ಟೋ ಮನೆಗಳಲ್ಲಿ ಡಬ್ಬಿಗೆ ಹಾಕಿಟ್ಟುಬಿಡುತ್ತಾರೆ. ಸಾಮಾನ್ಯವಾಗಿ ಏಡ್ ಕೆಟ್ಟಿರುವುದಿಲ್ಲ. ಮಗುವಿನ ಕಿವಿ ಬೆಳೆದು ಮೋಲ್ಡ್ ಸಡಿಲವಾಗಿರುತ್ತದೆ. ಈ ವಯಸ್ಸಿನಲ್ಲಿ ಕೆಲವೇ ತಿಂಗಳಿಗೊಮ್ಮೆ ಹೊಸ ಮೋಲ್ಡ್ ಬೇಕು. 'ಮೊನ್ನೆ ತಾನೇ ಕೊಟ್ರಲ್ಲ' ಅಂತ ಸಂಕೋಚ ಪಡಬೇಡಿ, ಕೇಳಿ.

ನನಗೆ ಸಿಟ್ಟು ಬರುವುದು ಬೇರೆ ವಿಷಯಕ್ಕೆ. ಕಿವಿ ನೋಡುವವರು ಒಂದು ಕಡೆ, ಕಲಿಸುವವರು ಇನ್ನೊಂದು ಕಡೆ. ಒಬ್ಬರ ವರದಿ ಇನ್ನೊಬ್ಬರಿಗೆ ತಲುಪುವುದೇ ಇಲ್ಲ. ಎಷ್ಟು ಕೇಳುತ್ತದೆ ಅಂತ ತೋರಿಸುವ ಆಡಿಯೋಗ್ರಾಮ್‌ನ ಪ್ರತಿ ನಿಮ್ಮ ಹತ್ತಿರವೂ ಇರಲಿ, ಟೀಚರ್‌ಗೂ ಕೊಡಿ. ಅಂಚೆಯವರ ಕೆಲಸ ತಾಯಿಗೇ ಬೀಳುತ್ತದೆ, ಏನು ಮಾಡುವುದು!

ಖಾಸಗಿ ಥೆರಪಿಗೂ ಹೋಗುವುದಾದರೆ ಒಂದೇ ಪ್ರಶ್ನೆ ಕೇಳಿ: 'ನಾನೂ ಒಳಗೆ ಕೂರಬಹುದಾ?' ಹೊರಗೆ ಕಾಯಿರಿ ಅಂದರೆ ವಾಪಸ್ ಬನ್ನಿ.

ಪ್ರಶ್ನೆ: ನಾಲ್ಕನೇ ತರಗತಿಯ ಮಗನಿಗೆ ಒಂದು ಕಿವಿ ಕೇಳುವುದಿಲ್ಲ. ಪಾಠದ ಕಡೆ ಗಮನ ಇಲ್ಲ ಅಂತ ಶಾಲೆಯವರ ದೂರು. ನೆರವು ಕೇಳಿದರೆ 'ಇನ್ನೊಂದು ಕಿವಿ ಚೆನ್ನಾಗಿದೆಯಲ್ಲ' ಅಂದರು.
– ಒಬ್ಬ ತಂದೆ

ಉತ್ತರ: ಎದುರು ಕೂತು ಮಾತಾಡಿಸಿದರೆ ಅವನಿಗೆ ಎಲ್ಲ ಕೇಳುತ್ತದೆ. ಅದಕ್ಕೇ ಯಾರೂ ನಂಬುವುದಿಲ್ಲ. ಸದ್ದು ಯಾವ ಕಡೆಯಿಂದ ಬಂತು ಅಂತ ತಿಳಿಯೋಕೆ, ಗದ್ದಲದಲ್ಲಿ ಒಂದು ದನಿಯನ್ನು ಹೆಕ್ಕೋಕೆ ಎರಡು ಕಿವಿ ಬೇಕು. ಮೇಲಾಗಿ, ದೂರ ದುಪ್ಪಟ್ಟಾದರೆ ದನಿ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಹಿಂದಿನ ಬೆಂಚಿನಲ್ಲಿ ಕೂತವನಿಗೆ ಗಮನ ಎಲ್ಲಿಂದ ಬರಬೇಕು? ಕೇಳುವ ಕಿವಿ ಟೀಚರ್ ಕಡೆಗೆ, ಕೇಳದ ಕಿವಿ ಗದ್ದಲದ ಕಡೆಗೆ ಬರುವಂತೆ ಮುಂದೆ ಕೂರಿಸಲಿ. ಟೀಚರ್ ಹಾಕಿಕೊಳ್ಳುವ ಮೈಕಿನಿಂದ ದನಿ ನೇರ ಮಗುವಿನ ಕಿವಿಗೆ ಬರುವ ಸಾಧನವೂ ಇದೆ. ಅದನ್ನೂ ಕೇಳಿ. ಅರ್ಜಿಯಲ್ಲಿ 'ಒಂದು ಕಿವಿ ಕೇಳುವುದಿಲ್ಲ' ಅಂತಷ್ಟೇ ಬರೆದರೆ ಪಕ್ಕಕ್ಕಿಡುತ್ತಾರೆ. ಯಾವ ಪೀರಿಯಡ್‌ನಲ್ಲಿ ಏನು ತಪ್ಪಿಹೋಯಿತು ಅಂತ ಎರಡು ವಾರ ಬರೆದಿಟ್ಟು ಜೊತೆಗೆ ಲಗತ್ತಿಸಿ. ಗದ್ದಲದಲ್ಲಿ ಮಾತು ಎಷ್ಟು ತಿಳಿಯುತ್ತದೆ ಅಂತ ಅಳೆಯುವ ಪರೀಕ್ಷೆ ಬೇರೆಯೇ ಇದೆ, ಆಡಿಯಾಲಜಿಸ್ಟ್‌ಗೆ ಹೇಳಿ ಅದನ್ನೂ ಮಾಡಿಸಿ.

ಪ್ರಶ್ನೆ: ಕೈಸನ್ನೆ ಕಲಿಸಿದರೆ ಮಗುವಿಗೆ ಮಾತು ಬರುವುದಿಲ್ಲ ಅಂತಾರೆ. ನಿಜವಾ?
– ಒಬ್ಬ ಅಜ್ಜಿ

ಉತ್ತರ: ಇಲ್ಲ ಅಜ್ಜಿ. ಕಿವಿ ಕೇಳುವ ಮಗುವೂ 'ಟಾಟಾ' ಅನ್ನುವ ಮೊದಲು ಕೈ ಬೀಸುತ್ತದೆ. ಹಾಗಂತ ಮಾತು ಬರದೆ ಉಳಿಯಿತಾ? ನೀವೂ ಕಲಿಯಿರಿ. ಏಡ್ ತೆಗೆದು ಸ್ನಾನ ಮಾಡಿಸುವ ಹೊತ್ತಿಗಾದರೂ ಬೇಕಾಗುತ್ತದೆ.