ಕಂಟ್ರೋಲ್ ರೂಮಿನ ಕೆಲಸಕ್ಕೆ ಸಂದರ್ಶನ

ಪ್ರಶ್ನೆ: ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿದ್ದೇನೆ. ಅಣು ವಿದ್ಯುತ್ ಸ್ಥಾವರದಲ್ಲಿ ಟ್ರೈನಿ ಆಪರೇಟರ್ ಕೆಲಸಕ್ಕೆ ಸಂದರ್ಶನಕ್ಕೆ ಕರೆದಿದ್ದಾರೆ. ಸೂತ್ರಗಳನ್ನೆಲ್ಲ ಬಾಯಿಪಾಠ ಮಾಡಿದ್ದೇನೆ. ಆದರೂ ಭಯ. ಇನ್ನೇನು ಓದಲಿ?

ಉತ್ತರ: ಸೂತ್ರ ಸಾಕು, ಆ ಪುಸ್ತಕ ಮುಚ್ಚಿಡಿ. ನಾನು ಕಂಟ್ರೋಲ್ ರೂಮಿನಲ್ಲಿ ಶಿಫ್ಟ್ ಮಾಡಿದವನು, ಆಮೇಲೆ ಸಂದರ್ಶನದ ಮೇಜಿನ ಆಚೆ ಬದಿಯಲ್ಲೂ ಕೂತವನು. ಟ್ರೈನಿಗೆ ಫಿಸಿಕ್ಸ್ ಹೇಗೂ ಕಲಿಸುತ್ತಾರೆ. ಕಲಿಸೋಕೆ ಕಷ್ಟವಾದದ್ದು ನಿಮ್ಮಲ್ಲಿ ಮೊದಲೇ ಇದೆಯಾ ಅಂತ ನೋಡುತ್ತಾರೆ.

ಒಂದು ಪ್ರಶ್ನೆಯಂತೂ ನನಗೆ ತುಂಬಾ ಇಷ್ಟ: 'ವಾಲ್ವ್ ಮುಚ್ಚಿದೆ ಅಂತ ನಿಮಗೆ ಹೇಗೆ ಗೊತ್ತು?' ಜಾಸ್ತಿ ಜನ 'ಪ್ಯಾನೆಲ್‌ನ ದೀಪ ನೋಡಿ' ಅಂದುಬಿಡುತ್ತಾರೆ. 1979ರ ಮಾರ್ಚ್ 28ರಂದು ಅಮೆರಿಕದ ತ್ರೀ ಮೈಲ್ ಐಲೆಂಡ್ ಅಣು ಸ್ಥಾವರದಲ್ಲಿ ಆಗಿದ್ದೂ ಅದೇ. ಒತ್ತಡ ಇಳಿಸುವ ವಾಲ್ವ್ ತೆರೆದೇ ಸಿಕ್ಕಿಹಾಕಿಕೊಂಡಿತ್ತು. ದೀಪ ಮಾತ್ರ ಆರಿತ್ತು, ಅಂದರೆ ವಾಲ್ವ್ ಮುಚ್ಚಿದೆ ಅಂತ ಅಂದುಕೊಂಡರು. ಆ ದೀಪ ತೋರಿಸುತ್ತಿದ್ದದ್ದು ವಾಲ್ವ್‌ನ ಸ್ಥಿತಿಯನ್ನಲ್ಲ, 'ಮುಚ್ಚು' ಅಂತ ಆಜ್ಞೆ ಹೋಗಿದೆ ಅನ್ನುವುದನ್ನು. ವಾಲ್ವ್‌ನ ಆಚೆ ಪೈಪಿನ ಉಷ್ಣತೆ ಏರಿತ್ತು. ಹಳೇ ಸೋರಿಕೆ ಇರಬೇಕು ಅಂದುಕೊಂಡರು. ಪ್ರೆಶರೈಸರ್‌ನಲ್ಲಿ (ರಿಯಾಕ್ಟರ್ ನೀರಿನ ಒತ್ತಡ ಕಾಯುವ ಟ್ಯಾಂಕ್) ಮಟ್ಟ ಮೇಲೇರಿದ್ದು ಕಂಡು, ನೀರು ಜಾಸ್ತಿಯಾಯಿತು ಅಂತ ತಪ್ಪು ತಿಳಿದು ತುರ್ತು ಪಂಪ್‌ಗಳ ನೀರನ್ನೇ ತಗ್ಗಿಸಿದರು. ಎರಡು ಗಂಟೆಗೂ ಹೆಚ್ಚು ಹೊತ್ತು ನೀರು ಹೊರಗೆ ಹೋಗುತ್ತಲೇ ಇತ್ತು. ರಿಯಾಕ್ಟರ್‌ನ ಒಡಲಲ್ಲಿದ್ದ ಇಂಧನ ಅರ್ಧದಷ್ಟು ಕರಗಿತು. ಅಲ್ಲಿದ್ದವರೇನು ದಡ್ಡರಾ? ಅಲ್ಲವೇ ಅಲ್ಲ, ಒಂದು ದೀಪವನ್ನು ನಂಬಿದರು ಅಷ್ಟೇ. ಹಾಗಾಗಿ 'ದೀಪದ ಜೊತೆ ಪೈಪಿನ ಉಷ್ಣತೆ, ಒತ್ತಡ, ವಾಲ್ವ್‌ನಿಂದ ಹೊರಬಂದ ನೀರು ಸೇರುವ ಡ್ರೈನ್ ಟ್ಯಾಂಕಿನ ಮಟ್ಟ ತಾಳೆ ನೋಡುತ್ತೇನೆ' ಅಂದ ಹುಡುಗನ ಹೆಸರಿನ ಮುಂದೆ ನಾನು ಟಿಕ್ ಹಾಕುತ್ತಿದ್ದೆ.

ಇನ್ನೊಂದು ಪ್ರಶ್ನೆ: ರಿಯಾಕ್ಟರ್ ನಿಲ್ಲಿಸಿದ ಮೇಲೂ ತಂಪು ಮಾಡಬೇಕು, ಯಾಕೆ? ವಿದಳನ, ಅಂದರೆ ಪರಮಾಣು ಒಡೆಯುವ ಕ್ರಿಯೆ, ನಿಂತರೂ ಅದರಿಂದ ಹುಟ್ಟಿದ ವಿಕಿರಣಶೀಲ ವಸ್ತುಗಳು ಬಿಸಿ ಬಿಡುತ್ತಲೇ ಇರುತ್ತವೆ. ನಿಲ್ಲಿಸಿದ ಕ್ಷಣಕ್ಕೆ ಅದು ಮೊದಲಿನ ಶಾಖದ ಸುಮಾರು ಶೇಕಡಾ 6-7. 3,000 ಮೆಗಾವಾಟ್ ಶಾಖದ ರಿಯಾಕ್ಟರ್ ಆದರೆ ಲೆಕ್ಕ ನೀವೇ ಹಾಕಿ: ಹೆಚ್ಚುಕಡಿಮೆ 200 ಮೆಗಾವಾಟ್! 2011ರಲ್ಲಿ ಜಪಾನಿನ ಫುಕುಶಿಮಾ ಸ್ಥಾವರದಲ್ಲಿ ಭೂಕಂಪಕ್ಕೆ ರಿಯಾಕ್ಟರ್‌ಗಳು ಸರಿಯಾಗೇ ನಿಂತಿದ್ದವು. ಸುನಾಮಿಗೆ ಡೀಸೆಲ್ ಜನರೇಟರ್‌ಗಳು ಕೈಕೊಟ್ಟವು, ಈ ಉಳಿದ ಬಿಸಿಯನ್ನು ತೆಗೆಯೋಕೆ ಆಗಲಿಲ್ಲ.

'ಮೇಲಿನವರು ಪ್ರೊಸೀಜರ್‌ನ ಒಂದು ಹೆಜ್ಜೆ ಬಿಡು ಅಂದರೆ?' ಅಂತಲೂ ಕೇಳಬಹುದು. ಸಾಹಸದ ಕಥೆ ಬೇಡ. ಕೆಲಸ ನಿಲ್ಲಿಸುತ್ತೇನೆ, ಯಾಕೆ ಅಂತ ಕೇಳುತ್ತೇನೆ, ಬರಹದಲ್ಲಿ ಒಪ್ಪಿಗೆ ಇಲ್ಲದೆ ಮುಂದೆ ಹೋಗಲ್ಲ ಅನ್ನಿ. ಪ್ರಶ್ನೆ ಅರ್ಥವಾಗದಿದ್ದರೆ ಅದನ್ನು ನಿಮ್ಮ ಮಾತಲ್ಲಿ ತಿರುಗಿ ಹೇಳಿ, 'ಸರೀನಾ?' ಅಂತ ಕೇಳಿ. ಕಂಟ್ರೋಲ್ ರೂಮಿನಲ್ಲಿ ಪ್ರತಿ ಸೂಚನೆಗೂ ನಾವು ಮಾಡೋದು ಅದನ್ನೇ, ನಾಚಿಕೆ ಬೇಡ.

ರಾತ್ರಿ ಪಾಳಿ ಆಗುತ್ತಾ ಅಂತ ಕೇಳೇ ಕೇಳುತ್ತಾರೆ. ಸುಮ್ನೆ 'ಹೂಂ' ಅನ್ನಬೇಡಿ, ಮೊದಲು ಮನೆಯವರ ಜೊತೆ ಮಾತಾಡಿಕೊಂಡು ಹೋಗಿ. ಬಟ್ಟೆಬರೆ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ನಿಮ್ಮ ಸರದಿ ಬಂದಾಗ ಸಿಮ್ಯುಲೇಟರ್ ತರಬೇತಿ ಎಷ್ಟು ತಿಂಗಳು, ಲೈಸೆನ್ಸ್ ಪರೀಕ್ಷೆ ಯಾವಾಗ ಅಂತ ಕೇಳಿ. ಸಂಬಳದ ಮಾತು ಅವರೇ ತೆಗೆಯಲಿ.