ಬಾಗಿಲು ತೆರೆದವರ ಲೆಕ್ಕ ಯಾರು ಬರೆಯಬೇಕು?

ಚಿತ್ರದುರ್ಗದ ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರ ಪತ್ರ ಮೇಜಿನ ಮೇಲಿದೆ. ಅಕ್ಷರ ಮುತ್ತಿನಂತಿದೆ, ಸಿಟ್ಟು ಮಾತ್ರ ಸಾಸಿವೆ ಒಗ್ಗರಣೆಯಂತೆ ಸಿಡಿದಿದೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಎರಡನೇ ಮಹಾಯುದ್ಧದಲ್ಲಿ ಬೆಲ್ಜಿಯಂ, ಫ್ರಾನ್ಸ್‌ಗಳ ಮೇಲೆ ವಿಮಾನ ಕಳೆದುಕೊಂಡು ಪ್ಯಾರಾಚೂಟ್ ಕಟ್ಟಿಕೊಂಡು ಇಳಿದ ಮಿತ್ರರಾಷ್ಟ್ರಗಳ ವೈಮಾನಿಕರು 'ಕಾಮೆಟ್' ಎಂಬ ಗುಪ್ತಜಾಲದ ಮೂಲಕ ಸ್ಪೇನಿಗೆ ಪಾರಾದ ಕತೆಯನ್ನು ಹೋದ ಸಂಚಿಕೆಯಲ್ಲಿ ಪ್ರಕಟಿಸಿದ್ದೆವು. ಅದರ ಬಗ್ಗೆ ಅವರ ತಕರಾರು ಇದು: ಗುಂಡಿನ ಮಳೆಯಲ್ಲಿ ಹಾರಿದವನು ವೀರ, ಅವನಿಗೆ ಒಂದು ರಾತ್ರಿ ಹಾಸಿಗೆ, ಎರಡು ತುತ್ತು ಕೊಟ್ಟವರು ಯಾವ ಗೃಹಸ್ಥನಾದರೂ ಮಾಡುವ ಕೆಲಸ ಮಾಡಿದರು. ಅಂಥವರಿಗೆ ಲೇಖನದ ಮುಕ್ಕಾಲು ಪಾಲು ಏಕೆ? ಪಾರಾಗಲು ನೆರವಾದದ್ದು ರೇಷ್ಮೆಯ ನಕಾಶೆ, ಅಂಗಿ ಗುಂಡಿಯೊಳಗಿನ ದಿಕ್ಸೂಚಿ ಮತ್ತು ತರಬೇತಿ. ನಮ್ಮ ವಾಯುಪಡೆಯ ಪಾರುಳ್ಕರ್, ಗ್ರೇವಾಲ್, ಹರೀಶ್ ಸಿನ್ಹಜೀ 1972ರಲ್ಲಿ ರಾವಲ್ಪಿಂಡಿಯ ಸೆರೆಯಿಂದ ಯಾರ ಹಂಗೂ ಇಲ್ಲದೆ ಹೊರಬಿದ್ದರಲ್ಲ? ಕೊನೆಗೊಂದು ಸಾಲು ತಮ್ಮ ತಂದೆಯ ಬಗ್ಗೆ: "ಅವರೂ 1942ರಲ್ಲಿ ನಾಲ್ಕು ತಿಂಗಳು ಭೂಗತರಾಗಿದ್ದರು, ಯಾರನ್ನೂ ಆಶ್ರಯಿಸಲಿಲ್ಲ."

ಮೇಷ್ಟ್ರೇ, ನಿಮ್ಮ ಪಕ್ಷಕ್ಕೆ ಸಲ್ಲಬೇಕಾದ್ದನ್ನು ಮೊದಲೇ ಸಲ್ಲಿಸಿಬಿಡುತ್ತೇನೆ. ಬ್ರಿಟನ್ನಿನ ಬಾಂಬರ್ ಕಮಾಂಡಿನಲ್ಲಿ ಹಾರಿದ ಸುಮಾರು 1,25,000 ಮಂದಿಯಲ್ಲಿ 55,573 ಜನ ಸತ್ತರು. ಹೆಚ್ಚಿನವರು ಇಪ್ಪತ್ತರ ಆಸುಪಾಸಿನ ಹುಡುಗರು. ಅವರ ಧೈರ್ಯವನ್ನು ಅಲ್ಲಗಳೆಯುವ ಮೂರ್ಖ ನಾನಲ್ಲ. ಆದರೆ ನೀವು ಎರಡು ಧೈರ್ಯಗಳನ್ನು ತೂಕಕ್ಕೆ ಹಾಕಿದ್ದೀರಿ. ತಕ್ಕಡಿ ಎತ್ತಿದ ಮೇಲೆ ಎರಡೂ ಕಡೆ ನೋಡಬೇಕಾಗುತ್ತದೆ.

ಪ್ಯಾರಿಸಿನ ಗೋಡೆಗಳ ಮೇಲೆ 22 ಸೆಪ್ಟೆಂಬರ್ 1941ರ ತಾರೀಖು ಹೊತ್ತ ಒಂದು ಜರ್ಮನ್ ಪ್ರಕಟಣೆ ಅಂಟಿಸಲಾಗಿತ್ತು. ಪ್ಯಾರಾಚೂಟಿನಲ್ಲಿ ಇಳಿದ ಶತ್ರು ವೈಮಾನಿಕರಿಗೆ ಯಾವುದೇ ರೀತಿಯಲ್ಲಿ ನೆರವಾದ ಗಂಡಸನ್ನು ಕೂಡಲೇ ಗುಂಡಿಕ್ಕಲಾಗುವುದು, ಹೆಂಗಸನ್ನು ಜರ್ಮನಿಯ ಯಾತನಾ ಶಿಬಿರಕ್ಕೆ ಕಳಿಸಲಾಗುವುದು, ಹಿಡಿದುಕೊಟ್ಟವರಿಗೆ 10,000 ಫ್ರಾಂಕ್‌ವರೆಗೆ ಬಹುಮಾನ. ಅದೇ ಮನೆಯಲ್ಲಿ ಸಿಕ್ಕಿಬಿದ್ದ ಪೈಲಟ್‌ಗೆ ಏನಾಗುತ್ತಿತ್ತು? ಸಾಮಾನ್ಯವಾಗಿ ಯುದ್ಧಕೈದಿಗಳ ಶಿಬಿರ, ಜಿನೀವಾ ಒಪ್ಪಂದದ ರಕ್ಷಣೆ, ರೆಡ್ ಕ್ರಾಸ್ ಪೊಟ್ಟಣ. ಸಾದಾ ಬಟ್ಟೆಯಲ್ಲಿ ಸಿಕ್ಕ 168 ವೈಮಾನಿಕರನ್ನು 1944ರಲ್ಲಿ ಬುಖೆನ್ವಾಲ್ಡ್ ಯಾತನಾ ಶಿಬಿರಕ್ಕೆ ತಳ್ಳಿದ ಘೋರವೂ ನಡೆದಿದೆ, ನಿಜ. ಆದರೆ ಅದು ಅಪವಾದ. ಬಾಗಿಲು ತೆರೆದವಳಿಗೆ ಅದೇ ನಿಯಮವಾಗಿತ್ತು. ಇಷ್ಟು ಗೊತ್ತಿದ್ದೂ ಅವಳು ಚಿಲಕ ತೆಗೆದಳು. "ಯಾವ ಗೃಹಸ್ಥನಾದರೂ ಮಾಡುವ ಕೆಲಸ" ಎನ್ನುತ್ತೀರಿ. ಎಷ್ಟು ಗೃಹಸ್ಥರು ಮಾಡುತ್ತಾರೆ? ನಮ್ಮ ಬೀದಿಯಲ್ಲಿ ಅಪಘಾತವಾದರೆ ಪೊಲೀಸ್ ಠಾಣೆಗೆ ಅಲೆಯಬೇಕಾದೀತೆಂದು ಕಿಟಕಿ ಎಳೆದುಕೊಳ್ಳುವವರು ನಾವು.

ನೀವು ತಳ್ಳಿಹಾಕಲಾಗದ ಒಂದು ವಿಷಯ ಹೇಳುತ್ತೇನೆ. ಈ ಜಾಲದ ಮುಖ್ಯರಲ್ಲೊಬ್ಬರು ನಿಮ್ಮದೇ ವೃತ್ತಿಯವರು. ಫ್ರೆಡೆರಿಕ್ ದ ಯೋಂಗ್, ಬ್ರಸೆಲ್ಸ್‌ನ ಸ್ಕಾರ್ಬೇಕ್‌ನಲ್ಲಿ ಶಾಲೆಯ ಮುಖ್ಯೋಪಾಧ್ಯಾಯ. ಮೊದಲ ಮಹಾಯುದ್ಧದಲ್ಲಿ ಸೈನಿಕರನ್ನು ಗಡಿ ದಾಟಿಸಿದ್ದಕ್ಕೆ 1915ರಲ್ಲಿ ಅದೇ ಊರಲ್ಲಿ ಗುಂಡಿಗೆ ಬಲಿಯಾದ ನರ್ಸ್ ಎಡಿತ್ ಕ್ಯಾವೆಲ್‌ಳ ಕತೆಯನ್ನು ಮಗಳಿಗೆ ಹೇಳಿ ಬೆಳೆಸಿದವರು. ಆಂದ್ರೆ ಎಂಬ ಆ ಮಗಳು, ಮನೆಯವರಿಗೆ ದೇದೇ, 1941ರ ಆಗಸ್ಟಿನಲ್ಲಿ ಸ್ಪೇನಿನ ಬಿಲ್ಬಾವೊದ ಬ್ರಿಟಿಷ್ ಕಾನ್ಸುಲೇಟಿನ ಬಾಗಿಲಲ್ಲಿ ನಿಂತಾಗ ಅವಳಿಗೆ 24 ವರ್ಷ. ಜೊತೆಯಲ್ಲಿ ಒಬ್ಬ ಬ್ರಿಟಿಷ್ ಸೈನಿಕ, ಇಬ್ಬರು ಬೆಲ್ಜಿಯನ್ನರು. ಬ್ರಸೆಲ್ಸ್‌ನಿಂದ ಪ್ಯಾರಿಸ್, ಅಲ್ಲಿಂದ ಬಯೋನ್, ಅಲ್ಲಿಂದ ಪಿರನೀಸ್ ಬೆಟ್ಟ ದಾಟಿ ಬಂದಿದ್ದೇವೆ, ದಾರಿ ಖರ್ಚು ಕೊಟ್ಟರೆ ಇನ್ನಷ್ಟು ಜನರನ್ನು ತರುತ್ತೇನೆ ಎಂದಳು. ತೆಳ್ಳಗಿನ ಈ ಹುಡುಗಿ ಜರ್ಮನರ ಗೂಢಚಾರಿಣಿಯೇ ಇರಬೇಕು ಎಂದು ಲಂಡನ್ನಿನ ದೊಡ್ಡವರಲ್ಲಿ ಕೆಲವರು ಅನುಮಾನಪಟ್ಟರು. ಹಣ ಕೊಡಲು ಕಡೆಗೆ ಒಪ್ಪಿಕೊಂಡರು, ವೈಮಾನಿಕರಿಗೆ ಆದ್ಯತೆ ಕೊಡು ಎಂದರು. ಒಬ್ಬ ಪೈಲಟ್‌ನನ್ನು ತಯಾರು ಮಾಡಲು ಸರ್ಕಾರಕ್ಕೆ ಹಿಡಿಯುವ ಕಾಲ, ಖರ್ಚು ಅಷ್ಟಿತ್ತು. ಅವಳು ಹಣ ತೆಗೆದುಕೊಂಡಳು, ಹುಕುಂ ತೆಗೆದುಕೊಳ್ಳಲಿಲ್ಲ. ಜಾಲ ಬೆಲ್ಜಿಯನ್ನರ ಕೈಯಲ್ಲೇ ಇರಬೇಕು ಎಂಬ ಹಟ.

ಈಗ ನಿಮ್ಮ ನಕಾಶೆಗೆ ಬರೋಣ. ಬ್ರಿಟನ್ನಿನ ಎಂಐ9 ಎಂಬ ಸೇನಾ ಗುಪ್ತಚರ ವಿಭಾಗ ರೇಷ್ಮೆಯ ಮೇಲೆ ನಕಾಶೆ ಅಚ್ಚು ಹಾಕಿಸಿದ್ದು, ಗುಂಡಿಯೊಳಗೆ ದಿಕ್ಸೂಚಿ ಅಡಗಿಸಿದ್ದು, ಮೇಲ್ಭಾಗ ಕತ್ತರಿಸಿದರೆ ಸಾಧಾರಣ ಷೂ ಆಗುವಂಥ ಬೂಟು ಹೊಲಿಸಿದ್ದು ಎಲ್ಲವೂ ಸತ್ಯ. ಆದರೆ ನಕಾಶೆ ಫ್ರೆಂಚ್ ಮಾತಾಡುವುದಿಲ್ಲ. ಆರಡಿ ಎತ್ತರದ ಅಮೆರಿಕನ್ ಹುಡುಗ ಜೇಬಿಗೆ ಕೈ ಇಳಿಬಿಟ್ಟು, ಚಿಲ್ಲರೆ ಕುಲುಕುತ್ತ ಬ್ರಸೆಲ್ಸ್ ಬೀದಿಯಲ್ಲಿ ನಡೆದರೆ ಹತ್ತೇ ಹೆಜ್ಜೆಗೆ ಬಯಲಾಗುತ್ತಿದ್ದ. ಮಾಂಸ ಕತ್ತರಿಸಿದ ಮೇಲೆ ಫೋರ್ಕನ್ನು ಎಡಗೈಯಿಂದ ಬಲಗೈಗೆ ದಾಟಿಸಿಕೊಳ್ಳುವ ಅವನ ಊರಿನ ರೂಢಿಯೊಂದೇ ಸಾಕಾಗಿತ್ತು ಅವನನ್ನು ಹಿಡಿಸಲು. ಈ ಅಭ್ಯಾಸಗಳನ್ನು ಬಿಡಿಸಿದವರು ಅವನನ್ನು ಅಡುಗೆಮನೆಯ ಮೇಜಿನ ಮುಂದೆ ಕೂರಿಸಿಕೊಂಡ ಮನೆಯಾಕೆಯರು. ರೈಲಿನಲ್ಲಿ ಅವನು ನಿದ್ದೆ ಬಂದವನ ಹಾಗೆ ಕೂತಿದ್ದರೆ, ನಾಲ್ಕು ಸಾಲು ಆಚೆ ಕೂತ ಹುಡುಗಿಯೊಬ್ಬಳು ಇಳಿಯುವ ಹೊತ್ತಿಗೆ ಏಳುತ್ತಿದ್ದಳು, ಅವಳ ಹಿಂದೆ ದೂರದಲ್ಲಿ ಅವನು. ಗಡಿಯ ಹತ್ತಿರ ಆಂಗ್ಲೆ ಎಂಬ ಊರಿನಲ್ಲಿ ಎಲ್ವಿರ್ ದ ಗ್ರೀಫ್ ಎಂಬ ಗೃಹಿಣಿ ಉಸ್ತುವಾರಿ ನೋಡುತ್ತಿದ್ದಳು. ಅವಳ ಗಂಡ ಜರ್ಮನರ ಕಚೇರಿಯಲ್ಲೇ ದುಭಾಷಿ! ಖಾಲಿ ಗುರುತಿನ ಚೀಟಿಗಳು ಅಲ್ಲಿಂದಲೇ ಬರುತ್ತಿದ್ದವು.

ಉರ್ಯೂನ್ಯ ಎಂಬ ಹಳ್ಳಿಯಾಚೆ ಬಿದೆಗೈನ್ ಬೆರ್ರಿ ಅಂತ ಒಂದು ತೋಟದ ಮನೆ. ಸಂಜೆ ಕತ್ತಲಿಗೆ ಅಲ್ಲಿ ಸೇರಿದ ವೈಮಾನಿಕರಿಗೆ ಫ್ರಾಂಚಾ ಉಸಾಂದಿಸಾಗಾ ಎಂಬ ವಿಧವೆ ಬಿಸಿ ಸೂಪು ಹಾಕುತ್ತಿದ್ದಳು. ಷೂ ಬಿಚ್ಚಿಸಿ, ಹುರಿಯ ಅಟ್ಟೆಯ ಕ್ಯಾನ್ವಾಸ್ ಜೋಡು ತೊಡಿಸುತ್ತಿದ್ದರು, ಕಲ್ಲಿನ ಮೇಲೆ ಸದ್ದಾಗದಿರಲಿ ಎಂದು. ಆಮೇಲೆ ಫ್ಲೊರೆಂತಿನೊ ಬರುತ್ತಿದ್ದ. ಪೂರ್ತಿ ಹೆಸರು ಫ್ಲೊರೆಂತಿನೊ ಗೊಯ್ಕೊಎಚೆಯಾ. ಬಾಸ್ಕ್ ಜನಾಂಗದವನು, ಕಸುಬು ಕಳ್ಳಸಾಗಣೆ, ಬಾಸ್ಕ್ ಬಿಟ್ಟರೆ ಬೇರೆ ಭಾಷೆ ಅಷ್ಟಕ್ಕಷ್ಟೆ. ರಾತ್ರಿಯಿಡೀ ಬೆಟ್ಟ ಹತ್ತಿ ಇಳಿದು ಬಿದಾಸೋವಾ ನದಿಗೆ ಬಂದರೆ, ಆಚೆ ದಡದಲ್ಲಿ ರೈಲುಹಳಿ, ರಸ್ತೆ, ಸ್ಪೇನಿನ ಗಸ್ತು. ವಾರಗಟ್ಟಲೆ ಯಾರ್ಯಾರದೋ ಮನೆಗಳಲ್ಲಿ ಬಚ್ಚಿಟ್ಟುಕೊಂಡು ಕಾಲಿನ ಕಸುವು ಕಳೆದುಕೊಂಡ ಹುಡುಗರನ್ನು ಅವನು ಹೆಗಲ ಮೇಲೆ ಹೊತ್ತು ದಾಟಿಸಿದ್ದುಂಟು. ಅವನಿಲ್ಲದ ಒಂದು ಪಯಣದಲ್ಲಿ, 1943ರ ಡಿಸೆಂಬರ್ 23ರ ರಾತ್ರಿ, ಅದೇ ನೀರು ಜಾಲದ ಮುಖ್ಯಸ್ಥರಲ್ಲೊಬ್ಬನಾದ ಆಂತ್ವಾನ್ ದ್ಯುರ್ಸೆಲ್‌ನನ್ನೂ ಒಬ್ಬ ಅಮೆರಿಕನ್ ವೈಮಾನಿಕನನ್ನೂ ನುಂಗಿತು. ಯುದ್ಧ ಮುಗಿದ ಮೇಲೆ ಲಂಡನ್ನಿನಲ್ಲಿ ಪದಕ ಪಡೆಯುವಾಗ, ಏನು ಕೆಲಸ ಮಾಡುತ್ತೀ ಎಂದು ಕೇಳಿದ್ದಕ್ಕೆ ಫ್ಲೊರೆಂತಿನೊ "ಆಮದು-ರಫ್ತು" ಎಂದನಂತೆ. ಇವನಿಗೆ ನಾನು ಅರ್ಧ ಪುಟ ಕೊಟ್ಟದ್ದು ಹೆಚ್ಚಾಯಿತೇ, ಮೇಷ್ಟ್ರೇ?

ರಾವಲ್ಪಿಂಡಿಯ ಉದಾಹರಣೆಯನ್ನು ನೀವೇ ಎತ್ತಿಕೊಟ್ಟಿದ್ದೀರಿ. ನನಗದು ವರ. ಪಾರುಳ್ಕರ್ ಮತ್ತಿಬ್ಬರು 1972ರ ಆಗಸ್ಟಿನಲ್ಲಿ ಗೋಡೆ ಕೊರೆದು ಹೊರಬಿದ್ದರು, ಬಸ್ಸು ಹಿಡಿದು ಪೇಶಾವರ ಸೇರಿದರು, ಲಂಡಿ ಕೋತಲ್‌ವರೆಗೂ ಹೋದರು. ಅಫ್ಘಾನ್ ಗಡಿ ಇನ್ನು ಕೆಲವೇ ಕಿಲೋಮೀಟರ್. ಅವರ ಬಳಿಯಿದ್ದ ನಕಾಶೆಯಲ್ಲಿ ಲಂಡಿ ಖಾನಾ ಎಂಬ ರೈಲು ನಿಲ್ದಾಣವಿತ್ತು, ಅಲ್ಲಿಗೆ ಹೋಗುವುದು ಹೇಗೆಂದು ವಿಚಾರಿಸಿದರು. ಆ ನಿಲ್ದಾಣವನ್ನು ಬ್ರಿಟಿಷರು 1932ರಲ್ಲೇ ಮುಚ್ಚಿದ್ದರು! ಅಲ್ಲಿದ್ದ ತಹಸೀಲ್ದಾರ್ ಕಚೇರಿಯ ಗುಮಾಸ್ತನಿಗೆ ಅನುಮಾನ ಬಂತು, ಮೂವರೂ ಸಿಕ್ಕಿಬಿದ್ದರು. ಅವರ ಸಾಹಸಕ್ಕೆ ನಾನು ಯಾವತ್ತೂ ಕೈಮುಗಿಯುತ್ತೇನೆ. ಆದರೆ ಆ ಊರಿನಲ್ಲಿ ಅವರಿಗೆ ಒಬ್ಬಳೇ ಒಬ್ಬಳು ಫ್ರಾಂಚಾ ಇದ್ದಿದ್ದರೆ, "ಮಗಾ, ಆ ಸ್ಟೇಷನ್ ಹೆಸರು ಎತ್ತಬೇಡ" ಎಂದಿರುತ್ತಿದ್ದಳು. "ಯಾರ ಹಂಗೂ ಇಲ್ಲದೆ" ಹೋದದ್ದರ ಫಲ ಅದು.

ನೆರವಿಗೆ ನಿಂತವರು ತೆತ್ತದ್ದೇನು? ಬ್ರಸೆಲ್ಸ್‌ನ ಮಾರೆಶಾಲ್ ಕುಟುಂಬ 1942ರ ನವೆಂಬರಿನಲ್ಲಿ ಇಬ್ಬರು ಅಮೆರಿಕನ್ ವೈಮಾನಿಕರನ್ನು ಮನೆಗೆ ಕರೆದುಕೊಂಡಿತು. ಅವರು ವೇಷ ಹಾಕಿದ ಜರ್ಮನರು. ಆ ಒಂದು ಬಾಗಿಲಿನಿಂದ ಹತ್ತಾರು ಮನೆಗಳಿಗೆ ದಾರಿಯಾಯಿತು, ಮನೆಯ ಯಜಮಾನ ಮರುವರ್ಷ ಗುಂಡಿಗೆ ಬಲಿಯಾದ. ಬ್ರಸೆಲ್ಸ್ ಶಾಖೆ ನೋಡಿಕೊಳ್ಳುತ್ತಿದ್ದ ಜಾನ್ ಗ್ರೈಂಡ್ಲ್ ಮರಣದಂಡನೆಗೆ ಕಾಯುತ್ತ ಸೆರೆಯಲ್ಲಿದ್ದಾಗ, 1943ರ ಸೆಪ್ಟೆಂಬರಿನಲ್ಲಿ, ಅಲ್ಲಿಗೇ ಬಿದ್ದ ಮಿತ್ರಪಡೆಗಳ ಬಾಂಬಿಗೆ ಸತ್ತ. ಯಾರ ಹುಡುಗರನ್ನು ಉಳಿಸಲು ಜೀವ ಒತ್ತೆ ಇಟ್ಟಿದ್ದನೋ ಅವರ ಬಾಂಬಿಗೆ. ದ ಯೋಂಗ್ ಮೇಷ್ಟ್ರನ್ನು ಜಾಲದೊಳಗೆ ನುಸುಳಿದ ಜಾಕ್ ದೆಸೂಬ್ರಿ 1943ರ ಜೂನ್‌ನಲ್ಲಿ ಹಿಡಿದುಕೊಟ್ಟ. 28 ಮಾರ್ಚ್ 1944ರಂದು ಪ್ಯಾರಿಸ್ ಪಕ್ಕದ ಮೋಂ ವಲೇರಿಯಾಂ ಕೋಟೆಯಲ್ಲಿ ಅವರನ್ನು ಗುಂಡಿಕ್ಕಿದರು.

ಅಷ್ಟರಲ್ಲಿ ಮಗಳು ಸೆರೆಯಲ್ಲಿದ್ದಳು. 1943ರ ಜನವರಿ, ಮಳೆ ಹೊಡೆದು ನದಿ ತುಂಬಿತ್ತು, ಆ ರಾತ್ರಿ ದಾಟಲಾಗದೆ ಬಿದೆಗೈನ್ ಬೆರ್ರಿಯಲ್ಲೇ ಉಳಿದರು. 15ನೇ ತಾರೀಖು ಪೊಲೀಸರು ಬಂದು ಮೂವರು ವೈಮಾನಿಕರು, ಆಂದ್ರೆ, ಫ್ರಾಂಚಾ ಎಲ್ಲರನ್ನೂ ಎಳೆದೊಯ್ದರು. ಇಡೀ ಜಾಲ ಕಟ್ಟಿದವಳು ನಾನೇ ಎಂದು ಆಂದ್ರೆ ಒಪ್ಪಿಕೊಂಡಳು. ಜರ್ಮನರು ನಂಬಲಿಲ್ಲ, ಹುಡುಗಿಯೊಬ್ಬಳು ಇಷ್ಟೆಲ್ಲ ಮಾಡಲಾರಳು ಅಂತ. ಅವರ ಆ ಸದರವೇ ಅವಳ ಜೀವ ಉಳಿಸಿತು ಅಂದುಕೊಳ್ಳುತ್ತೇನೆ. ರಾವೆನ್ಸ್‌ಬ್ರೂಕ್, ಮೌಥೌಸೆನ್ ಶಿಬಿರಗಳನ್ನು ದಾಟಿ ಬದುಕಿ ಬಂದು, ನರ್ಸ್ ಆಗಿ ಕಾಂಗೋದಲ್ಲಿ, ಇಥಿಯೋಪಿಯಾದಲ್ಲಿ ಕುಷ್ಠರೋಗಿಗಳ ಸೇವೆ ಮಾಡಿ, 2007ರಲ್ಲಿ ತೀರಿಕೊಂಡಳು. ಫ್ರಾಂಚಾ ಹಿಂತಿರುಗಲಿಲ್ಲ. ರಾವೆನ್ಸ್‌ಬ್ರೂಕ್‌ನಲ್ಲಿ 1945ರ ಏಪ್ರಿಲಿನಲ್ಲಿ ಸತ್ತಳು, ಯುದ್ಧ ಮುಗಿಯಲು ಒಂದು ತಿಂಗಳೂ ಇರಲಿಲ್ಲ.

ಈ ಜಗಳದಲ್ಲಿ ಪೈಲಟ್‌ಗಳೇ ನನ್ನ ಕಡೆ ಇದ್ದಾರೆ, ಇದನ್ನು ನೀವು ಗಮನಿಸಬೇಕು. ಪಾರಾಗಿ ಬಂದ ಬ್ರಿಟಿಷ್ ವೈಮಾನಿಕರು ಯುದ್ಧಾನಂತರ ಕಟ್ಟಿಕೊಂಡ ಸಂಘದ ಮುಖ್ಯ ಕೆಲಸವೇ ತಮಗೆ ನೆರವಾದವರನ್ನು, ಸತ್ತವರ ವಿಧವೆ ಮಕ್ಕಳನ್ನು ನೋಡಿಕೊಳ್ಳುವುದಾಗಿತ್ತು. ತಮ್ಮನ್ನು ಉಳಿಸಿದ್ದು ಗುಂಡಿಯ ದಿಕ್ಸೂಚಿ ಎಂದು ಅವರಿಗೆ ಅನ್ನಿಸಿರಲಿಲ್ಲ.

ಮಾತು ಬಂತಲ್ಲ, ಹೇಳಿಬಿಡುತ್ತೇನೆ. ಈ ಯುದ್ಧದ ಗುಪ್ತ ಹೋರಾಟವೆಂದರೆ ನಮ್ಮವರು ಬರೆಯುವುದು ನೂರ್ ಇನಾಯತ್ ಖಾನ್ ಒಬ್ಬಳ ಬಗ್ಗೆ. ಟಿಪ್ಪುವಿನ ವಂಶದವಳು ಎಂಬ ಎಳೆ ಇದೆಯಲ್ಲ, ಅದಕ್ಕೆ. ಪ್ಯಾರಿಸಿನಲ್ಲಿ ರೇಡಿಯೊ ಪೆಟ್ಟಿಗೆ ಹೊತ್ತು ಮನೆ ಮನೆ ಬದಲಾಯಿಸುತ್ತ ಲಂಡನ್ನಿಗೆ ಸಂದೇಶ ಕಳಿಸಿದ, 1944ರಲ್ಲಿ ಡಾಖಾವ್ ಯಾತನಾ ಶಿಬಿರದಲ್ಲಿ ಕೊಲೆಯಾದ ಆ ಹೆಣ್ಣುಮಗಳು ಎಲ್ಲ ಗೌರವಕ್ಕೂ ಅರ್ಹಳು. ಆದರೆ ಅವಳಿಗೆ ಕೋಣೆ ಬಿಟ್ಟುಕೊಟ್ಟ ಮನೆಗಳ ಬಗ್ಗೆ ಒಂದು ಕನ್ನಡ ಲೇಖನವನ್ನೂ ನಾನು ಕಂಡಿಲ್ಲ. ಇನ್ನು ಎಪಿನಾಲ್? ಪೂರ್ವ ಫ್ರಾನ್ಸಿನ ಆ ಶಿಬಿರದಲ್ಲಿ ಸಾವಿರಾರು ಭಾರತೀಯ ಸೈನಿಕರು ಕೈದಿಗಳಾಗಿದ್ದರು. 11 ಮೇ 1944ರಂದು ಅಮೆರಿಕನ್ ಬಾಂಬುಗಳು ಬಿದ್ದು ಗೋಡೆ ಒಡೆದಾಗ ಓಡಿದರು, 500ರಷ್ಟು ಜನ ಸ್ವಿಟ್ಜರ್ಲೆಂಡ್ ಮುಟ್ಟಿದರು. ಪೇಟ ಸುತ್ತಿದ, ಫ್ರೆಂಚ್ ಬಾರದ ನಮ್ಮ ಹುಡುಗರಿಗೆ ದಾರಿಯುದ್ದಕ್ಕೂ ಹಳ್ಳಿಯವರು ಬ್ರೆಡ್ಡು, ಆಲೂಗಡ್ಡೆ, ಹುಲ್ಲಿನ ಅಟ್ಟ ಕೊಟ್ಟರು. ಹಾಗೆ ಕೊಟ್ಟ ಊರುಗಳಲ್ಲಿ ಎತೊಬೋಂ ಒಂದು. ಅದೇ ವರ್ಷ ಸೆಪ್ಟೆಂಬರ್ 27ರಂದು, ಪ್ರತಿರೋಧ ಹೋರಾಟದ ಜೊತೆ ನಿಂತ ಆ ಊರಿನ 39 ಗಂಡಸರನ್ನು ಜರ್ಮನರು ಪಕ್ಕದ ಶೆನೆಬಿಯೇಯ ಚರ್ಚಿನ ಗೋಡೆಗೆ ನಿಲ್ಲಿಸಿ ಕೊಂದರು. ನಮ್ಮವರಿಗೆ ಅನ್ನ ಹಾಕಿದ ಊರು ನಮ್ಮ ಯಾವ ಪಠ್ಯದಲ್ಲಿದೆ?

ದೂರದ ಮಾತು ಏಕೆ. ಈ ಕಚೇರಿಗೆ ಬರುವ ಚಾರಣದ ಲೇಖನಗಳನ್ನೇ ನೋಡಿ. ಕುದುರೆಮುಖ ಹತ್ತಿದವರ ಹೆಸರು, ಅವರ ಕಂಪನಿ, ಅವರ ಬೂಟಿನ ಬ್ರಾಂಡು ಎಲ್ಲ ಇರುತ್ತದೆ. ಜಿಗಣೆ ಕಿತ್ತು, ದಾರಿ ತೋರಿಸಿ, ಸಂಜೆ ಗಂಜಿ ಬೇಯಿಸಿದವನ ಹೆಸರು ಮಾತ್ರ ಲೇಖಕರಿಗೆ ಮರೆತಿರುತ್ತದೆ. ಫೋನ್ ಮಾಡಿ ಕೇಳಿದರೆ "ಬೇಕಾ ಸಾರ್ ಅದೆಲ್ಲ?" ಅನ್ನುತ್ತಾರೆ. ಅಭಿನಂದನ ಗ್ರಂಥಗಳದ್ದೂ ಅದೇ ಹಾಡು. ಆರುನೂರು ಪುಟದ ಸಾಧಕರ ಬದುಕಿನಲ್ಲಿ, ಅವರ ಹಸ್ತಪ್ರತಿಯನ್ನೆಲ್ಲ ಕೂತು ನಕಲು ಮಾಡಿದ ಹೆಂಡತಿ ಕೊನೇ ಪುಟದ ಕೊನೇ ಸಾಲಿನಲ್ಲಿ, ಡಿಟಿಪಿ ಮಾಡಿದವರ ಕೆಳಗೆ. ಅದಕ್ಕೇ ಬೆಲ್ಜಿಯಂ ಲೇಖನ ಬಂದಾಗ, ಹುಡುಗಿಯ ಭಾಗ ಕಡಿಮೆ ಮಾಡಿ ವಿಮಾನದ ಭಾಗ ಬೆಳೆಸೋಣ ಎಂದ ಸಹೋದ್ಯೋಗಿಯ ಮಾತನ್ನು ನಾನು ಕೇಳಲಿಲ್ಲ. ಇನ್ನು ಮುಂದೆಯೂ ಕೇಳುವುದಿಲ್ಲ. ಚಂದಾ ನವೀಕರಿಸುವುದಿಲ್ಲ ಎಂದು ಹೆದರಿಸಿದ್ದೀರಿ, ಅದು ನಿಮ್ಮಿಷ್ಟ.

ಇನ್ನು ನಿಮ್ಮ ತಂದೆಯವರು. 1942ರಲ್ಲಿ ನಾಲ್ಕು ತಿಂಗಳು ಭೂಗತರಾಗಿದ್ದದ್ದು ದೊಡ್ಡ ಸಂಗತಿ, ಹೆಮ್ಮೆಪಡಿ. ಆದರೆ ನಾಲ್ಕು ತಿಂಗಳೆಂದರೆ ನೂರಿಪ್ಪತ್ತು ದಿನ, ದಿನಕ್ಕೆರಡು ಊಟ ಹಿಡಿದರೂ ಇನ್ನೂರ ನಲವತ್ತು ಊಟ. ಅವರು ಯಾವ ಊರುಗಳಲ್ಲಿದ್ದರು, ಯಾರ ಹಟ್ಟಿಯಲ್ಲಿ ಮಲಗಿದರು, ಪೊಲೀಸರು ಬಂದಾಗ "ಇಲ್ಲಿ ಯಾರೂ ಇಲ್ಲ" ಎಂದು ಹೇಳಿದವರು ಯಾರು? ಮನೆಯಲ್ಲಿ ಹಳೇ ಕಾಗದಪತ್ರ ಇದ್ದರೆ ತೆಗೆದು ನೋಡಿ, ದೊಡ್ಡಮ್ಮ ಚಿಕ್ಕಮ್ಮಂದಿರು ಇದ್ದರೆ ಕೇಳಿ. ಎರಡು ಸಾವಿರ ಪದದೊಳಗೆ ಬರೆದು ಕಳಿಸಿದರೆ ಆಗಸ್ಟ್ ಸಂಚಿಕೆಗೆ ಜಾಗ ಇಟ್ಟಿರುತ್ತೇನೆ. ತಂದೆಯವರ ಫೋಟೊ ಬೇಡ ಎನ್ನುವುದಿಲ್ಲ, ಒಳಪುಟದಲ್ಲಿ ಹಾಕೋಣ. ಆ ಮನೆಯವರದ್ದು ಒಂದಾದರೂ ಸಿಕ್ಕರೆ ಮುಖಪುಟಕ್ಕೆ ಕೊಡುತ್ತೇನೆ.

ಸಂಪಾದಕ