ಫ್ಯಾಷನ್ ಬ್ರ್ಯಾಂಡಿನ ಕ್ವಾರ್ಟ್ಜ್ ವಾಚು ಕೊಟ್ಟ ಬೆಲೆಗೆ ತಕ್ಕದ್ದೇ?

ಹತ್ತು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಎಂಪೋರಿಯೊ ಅರ್ಮಾನಿ ಅಥವಾ ಟಾಮಿ ಹಿಲ್ಫಿಗರ್ ವಾಚನ್ನು ಕೊಳ್ಳಬಹುದೇ, ಅದರ ಗುಣಮಟ್ಟವನ್ನು ಅಳೆಯುವುದು ಹೇಗೆ ಎಂದು ಕೇಳಿದ್ದೀರಿ. ಧಾರಾಳವಾಗಿ ಕೊಳ್ಳಬಹುದು. ಆದರೆ ಪೆಟ್ಟಿಗೆಯ ಮೇಲೆ ಮುದ್ರಿಸಿದ ಬೆಲೆಗೆ ಕೊಳ್ಳಬೇಡಿ, ಡಯಲ್ ಮೇಲಿರುವ ಹೆಸರಿನವರು ಆ ವಾಚನ್ನು ತಯಾರಿಸಿಲ್ಲ ಎಂಬುದನ್ನು ತಿಳಿದುಕೊಂಡೇ ಕೊಳ್ಳಿ.

ಅರ್ಮಾನಿ, ಮೈಕೆಲ್ ಕೋರ್ಸ್, ಡೀಸೆಲ್ ಹೆಸರಿನ ವಾಚುಗಳನ್ನು ಪರವಾನಗಿ ಪಡೆದು ಮಾಡಿಸಿ ಮಾರುತ್ತಿರುವುದು ಅಮೆರಿಕದ ಟೆಕ್ಸಸ್ ರಾಜ್ಯದ ಫಾಸಿಲ್ ಗ್ರೂಪ್. ಟಾಮಿ ಹಿಲ್ಫಿಗರ್, ಹ್ಯೂಗೊ ಬಾಸ್, ಲಾಕೋಸ್ಟ್ ವಾಚುಗಳ ಹಿಂದೆ ಮೊವಾಡೊ ಗ್ರೂಪ್ ಇದೆ. ಬಟ್ಟೆ ಹೊಲಿಸುವ ಮನೆತನವೊಂದು ತನ್ನ ಹೆಸರನ್ನು ಬಾಡಿಗೆಗೆ ಕೊಟ್ಟಿದೆ ಎಂದರೆ ತಪ್ಪಾಗದು. ಇದರಲ್ಲಿ ಮೋಸವೇನೂ ಇಲ್ಲ. ಆ ಬಾಡಿಗೆಯ ಪಾಲು ನೀವು ಕೊಡುವ ಹಣದಲ್ಲಿ ಸೇರಿರುತ್ತದೆ, ಅಷ್ಟೆ.

ಇಂಥ ವಾಚುಗಳ ಒಳಗೆ ಸಾಮಾನ್ಯವಾಗಿ ಇರುವುದು ಸಿಟಿಜನ್ ಬಳಗದ ಮಿಯೋಟಾ ಅಥವಾ ಸೀಕೊ ಬಳಗದ ಜಪಾನಿ ಮೂವ್‌ಮೆಂಟ್, ಅಂದರೆ ಮುಳ್ಳುಗಳನ್ನು ನಡೆಸುವ ಒಳಯಂತ್ರ. ಕ್ವಾರ್ಟ್ಜ್ ಹರಳು ಸೆಕೆಂಡಿಗೆ 32,768 ಬಾರಿ ಕಂಪಿಸುತ್ತದೆ. ಚಿಪ್ ಆ ಸಂಖ್ಯೆಯನ್ನು ಹದಿನೈದು ಸಲ ಅರ್ಧಕ್ಕಿಳಿಸಿ, ಸೆಕೆಂಡಿಗೆ ಒಂದರಂತೆ ಮೋಟಾರಿಗೆ ಮಿಡಿತ ಕಳಿಸುತ್ತದೆ. ಮಿಯೋಟಾ 2035 ಎಂಬ ಅತಿ ಸಾಮಾನ್ಯ ಮೂವ್‌ಮೆಂಟ್ ತಿಂಗಳಿಗೆ ಹೆಚ್ಚೆಂದರೆ 20 ಸೆಕೆಂಡ್ ಹಿಂದುಮುಂದಾಗಬಹುದು ಎಂದು ತಯಾರಕರೇ ಹೇಳುತ್ತಾರೆ, ಅದರ ಸೆಲ್ ಸುಮಾರು ಮೂರು ವರ್ಷ ಬರುತ್ತದೆ. ಸಾವಿರ ರೂಪಾಯಿಯ ವಾಚಿನಲ್ಲೂ ಇದೇ ಮಟ್ಟದ ಯಂತ್ರ ಸಿಗುವುದರಿಂದ, "ಸಮಯ ಸರಿಯಾಗಿ ತೋರಿಸುತ್ತದೆ" ಎಂಬ ಮಾತು ದುಬಾರಿ ಬೆಲೆಗೆ ಸಮರ್ಥನೆಯಾಗಲಾರದು. ಡಯಲ್‌ನ ಕೆಳತುದಿಯಲ್ಲಿರುವ "ಜಪಾನ್ ಮೂವ್‌ಟ್" ಎಂಬ ಬರಹ ಮೂವ್‌ಮೆಂಟಿಗೆ ಮಾತ್ರ ಅನ್ವಯಿಸುತ್ತದೆ, ಇಡೀ ವಾಚಿಗಲ್ಲ. "ಸ್ವಿಸ್ ಮೇಡ್" ಎಂದಿದ್ದರೆ ತೂಕ ಬೇರೆ: 2017ರಿಂದ ಜಾರಿಯಲ್ಲಿರುವ ನಿಯಮದಂತೆ ತಯಾರಿಕಾ ವೆಚ್ಚದ ಕನಿಷ್ಠ ಶೇ. 60ರಷ್ಟು ಸ್ವಿಟ್ಜರ್ಲೆಂಡಿನಲ್ಲೇ ಆಗಿರಬೇಕು.

ಹಾಗಾಗಿ ನಿಮ್ಮ ಪರೀಕ್ಷೆ ನಡೆಯಬೇಕಾದದ್ದು ಮೂವ್‌ಮೆಂಟಿನ ಸುತ್ತ ಇರುವುದರ ಮೇಲೆ. ಮೊದಲು ವಾಚನ್ನು ತಿರುಗಿಸಿ ನೋಡಿ. "ಸ್ಟೇನ್‌ಲೆಸ್ ಸ್ಟೀಲ್ ಬ್ಯಾಕ್" ಎಂದು ಕೆತ್ತಿದ್ದರೆ ಹಿಂಬದಿಯ ಮುಚ್ಚಳ ಮಾತ್ರ ಸ್ಟೀಲ್ ಎಂಬ ಭರವಸೆ ಸಿಗುತ್ತದೆ. ಉಳಿದ ಕೇಸ್ (ಹೊರಕವಚ) ಲೇಪನ ಹಚ್ಚಿದ ಹಿತ್ತಾಳೆಯೋ ಮಿಶ್ರಲೋಹವೋ ಆಗಿರಬಹುದು. ನಮ್ಮ ಕರಾವಳಿಯ ಬೆವರಿಗೆ ಅಂಥ ಲೇಪನ, ಅದರಲ್ಲೂ ಸ್ಟ್ರ್ಯಾಪ್ ಸೇರುವ ಮೂಲೆಗಳಲ್ಲಿ, ಬೇಗನೆ ಏಳುತ್ತದೆ. ಚೈನ್ ಇರುವ ವಾಚಾದರೆ ಅದನ್ನು ಮೆಲ್ಲಗೆ ಅಲ್ಲಾಡಿಸಿ: ಗಟ್ಟಿ ಸ್ಟೀಲಿನ ಕೊಂಡಿಗಳು ಕೈಗೆ ಭಾರವೆನಿಸುತ್ತವೆ, ತಗಡನ್ನು ಮಡಚಿ ಮಾಡಿದವು ಗಲಗಲ ಎನ್ನುತ್ತವೆ. ಸೆಕೆಂಡ್ ಮುಳ್ಳು ಪ್ರತಿ ಗೆರೆಯ ಮೇಲೆ ಸರಿಯಾಗಿ ಬೀಳುತ್ತಿದೆಯೇ ಎಂದು ಒಂದು ಪೂರ್ತಿ ಸುತ್ತು ಗಮನಿಸಿ, ಏಕೆಂದರೆ ಜೋಡಣೆಯಲ್ಲಿ ತೋರಿದ ಶ್ರದ್ಧೆ ಅಲ್ಲೇ ಬಯಲಾಗುತ್ತದೆ. ಡಯಲ್ ಒಳಗಿನ ಮೂರು ಪುಟ್ಟ ವೃತ್ತಗಳನ್ನು ಕಂಡು ಸ್ಟಾಪ್‌ವಾಚ್ ಇದೆ ಎಂದುಕೊಳ್ಳಬೇಡಿ. ಎಷ್ಟೋ ಮಾದರಿಗಳಲ್ಲಿ ಅವು ವಾರ, ತಾರೀಖು ಮತ್ತು 24 ಗಂಟೆಯನ್ನಷ್ಟೇ ತೋರಿಸುತ್ತವೆ. ಗಾಜು ಹೆಚ್ಚಾಗಿ ಮಿನರಲ್ ಆಗಿದ್ದು ಗೀರು ಬೀಳುತ್ತದೆ. ಈ ಬೆಲೆಯಲ್ಲಿ ಸುಲಭಕ್ಕೆ ಗೀರು ಬೀಳದ ಸಫೈರ್ ಗಾಜು ಸಿಕ್ಕರೆ ಅದು ನಿಜವಾದ ಲಾಭ. ನೀರು ತಡೆಯುವ ಮಟ್ಟ "30 ಮೀಟರ್" ಎಂದು ಬರೆದಿದ್ದರೆ ಕೈ ತೊಳೆಯುವಾಗ ಸಿಡಿಯುವ ನೀರಿಗೆ ಹೆದರಬೇಕಿಲ್ಲ ಎಂದಷ್ಟೇ ಅರ್ಥ; ಈಜುವವರು 100 ಮೀಟರಿನದನ್ನೇ ಆರಿಸಬೇಕು.

ಅಂಗಡಿಯಲ್ಲಿ ಅದೇ ಹಣಕ್ಕೆ ವಾಚು ತಯಾರಿಕೆಯೇ ಕಸುಬಾಗಿರುವವರ ಸರಕನ್ನೂ ಪಕ್ಕದಲ್ಲಿ ಇರಿಸಿಕೊಂಡು ನೋಡಿ. ಸಿಟಿಜನ್ ಕಂಪನಿಯ ಎಕೊ-ಡ್ರೈವ್ ಬೆಳಕಿನಿಂದಲೇ ಚಾರ್ಜ್ ಆಗುವುದರಿಂದ ಆಗಾಗ ಸೆಲ್ ಬದಲಿಸುವ ತಾಪತ್ರಯವಿಲ್ಲ. (1961ರಲ್ಲಿ ಬೆಂಗಳೂರಿನ ಎಚ್‌ಎಂಟಿಗೆ ಗಡಿಯಾರದ ತಂತ್ರಜ್ಞಾನ ಕೊಟ್ಟದ್ದು ಇದೇ ಸಿಟಿಜನ್.) ಟೈಟಾನ್ ಹೊಸೂರಿನ ಕಾರ್ಖಾನೆಯಲ್ಲಿ ತನ್ನದೇ ಮೂವ್‌ಮೆಂಟುಗಳನ್ನು ತಯಾರಿಸುತ್ತದೆ, 2002ರಲ್ಲಿ ಬಂದ ಅದರ ಎಡ್ಜ್ ಮಾದರಿಯ ದಪ್ಪ 3.5 ಮಿಲಿಮೀಟರ್, ಒಳಗಿನ ಯಂತ್ರದ ದಪ್ಪ 1.15 ಮಿಲಿಮೀಟರ್. ಇಂಥ ಎಂಜಿನಿಯರಿಂಗ್‌ಗೆ ಕೊಡುವ ಹಣವೂ ಹೆಸರಿಗೆ ಕೊಡುವ ಹಣವೂ ಒಂದೇ ಅಲ್ಲ.

ಇಷ್ಟೆಲ್ಲ ನೋಡಿದ ಮೇಲೂ ಅರ್ಮಾನಿಯ ಡಯಲೇ ಕಣ್ಣಿಗೆ ಹಿಡಿಸಿತು ಎನ್ನುವುದಾದರೆ ಅದು ನ್ಯಾಯವಾದ ಕಾರಣವೇ. ವಿನ್ಯಾಸದಲ್ಲಿ ಈ ಬ್ರ್ಯಾಂಡುಗಳು ಎಷ್ಟೋ ಸಲ ವಾಚು ಕಂಪನಿಗಳನ್ನು ಮೀರಿಸುತ್ತವೆ. ರಿಯಾಯಿತಿ ಇವುಗಳಿಗೆ ಅಪರೂಪವಲ್ಲವಾದ್ದರಿಂದ ಮುದ್ರಿತ ಬೆಲೆಯ ಅರ್ಧದ ಹತ್ತಿರಕ್ಕೆ ಇಳಿಯುವವರೆಗೆ ಕಾಯುವುದು ನನ್ನ ಸಲಹೆ. ಅಧಿಕೃತ ಮಾರಾಟಗಾರರಲ್ಲೇ ಕೊಂಡು, ವಾರಂಟಿ ಕಾರ್ಡಿಗೆ ಅಂಗಡಿಯ ಮೊಹರು ಮತ್ತು ತಾರೀಖು ಹಾಕಿಸಿಕೊಳ್ಳಿ. ಸೆಲ್ ಬದಲಿಸಲು ಮುಚ್ಚಳ ತೆಗೆದಾಗಲೆಲ್ಲ ನೀರು ಒಳಹೋಗದಂತೆ ತಡೆಯುವ ರಬ್ಬರ್ ರಿಂಗನ್ನೂ ಪರೀಕ್ಷಿಸಿ, ಸಡಿಲವಾಗಿದ್ದರೆ ಬದಲಿಸಲು ಹೇಳಿ.